ತಿಕೋಟಾದ ಪರದೆಯ ಬಿಸಿ

ನಾನು ವಿಜಯಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಬಿಸಿಲು ಕಟ್ಟಡದೊಳಗೆ ನುಗ್ಗಿ ಏನೇನು ಕಿತಾಪತಿ ಮಾಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ, ಹಟ, ಮತ್ತು ಮುಚ್ಚಿಡುವುದೇಕೆ, ನನ್ನ ಜಂಬವೂ ಹೌದು. ಜಲನಗರದ ನಮ್ಮ ಮನೆಯಲ್ಲಿ ಯಾರಾದರೂ ಸೆಕೆ ಎಂದರೆ ನಾನು ಎಷ್ಟು ಡಿಗ್ರಿ ಎಂದು ಕೇಳುತ್ತೇನಂತೆ. ಇದು ನಮ್ಮ ಯಜಮಾನರ ದೂರು.

ಆ ಜಂಬದಿಂದಲೇ ಹೋದ ಬೇಸಿಗೆಯಲ್ಲಿ ತಿಕೋಟಾದ ವಾಚನಾಲಯದ ಉಸಾಬರಿ ಮೈಮೇಲೆ ಎಳೆದುಕೊಂಡೆ. ಪಡುವಣಕ್ಕೆ ದೊಡ್ಡ ಗಾಜಿನ ಕಿಟಕಿಗಳಿದ್ದ ಒಂದೇ ಕೋಣೆ. ಪೊಲೀಸ್, ಬ್ಯಾಂಕ್, ಶಿಕ್ಷಕರ ಪರೀಕ್ಷೆ ಎಂದು ಸುತ್ತಲಿನ ಹಳ್ಳಿಗಳ ಹುಡುಗಿಯರು ಅಲ್ಲಿ ಕೂತು ಓದುತ್ತಾರೆ. ಬಬಲೇಶ್ವರದಿಂದ ಬಸ್ಸು ಬದಲಿಸಿ ಬರುವವರೂ ಇದ್ದರು. ಮಧ್ಯಾಹ್ನ ಕೋಣೆ ಭಟ್ಟಿಯಾಗುತ್ತಿತ್ತು. ಒಳಗಡೆ ಕಂದು ಬಣ್ಣದ ಪರದೆ ಇಳಿಬಿಟ್ಟರೂ ಸೆಕೆ ತಗ್ಗಲಿಲ್ಲ. ಇಬ್ಬರು ಹುಡುಗಿಯರಿಗೆ ತಲೆ ತಿರುಗಿದ ಮೇಲೆ, ವಾಚನಾಲಯ ಸಮಿತಿಯ ಹಿರಿಯರೊಬ್ಬರು ಮುಂದಿನ ಸೋಮವಾರದಿಂದ ಹನ್ನೆರಡರಿಂದ ನಾಲ್ಕರವರೆಗೆ ಕೀಲಿ ಹಾಕುವುದೆಂದು ತೀರ್ಮಾನಿಸಿದರು. ಅವರು ವಿಜಯಪುರದ ಜೋರಾಪುರ ಪೇಟೆಯಲ್ಲಿ ವ್ಯಾಪಾರ ಮಾಡಿ ಊರಿಗೆ ಮರಳಿದವರು, ಎಲ್ಲರಿಗೂ ಕಾಕಾ.

ಕೀಲಿ ಹಾಕಿದರೆ ಓದು ನಿಂತಂತೆಯೇ. ಮನೆಯಲ್ಲಿ ಪುಸ್ತಕ ತೆರೆದ ಕೂಡಲೇ ಯಾರಿಗೋ ಒಂದು ಕೆಲಸ ನೆನಪಾಗುತ್ತದೆ ಎಂದು ಹುಡುಗಿಯರು ಹೇಳಿಕೊಂಡರು. ನನಗೆ ಸುಮ್ಮನಿರಲಾಗಲಿಲ್ಲ. ಕಾಕಾ ಎದುರು ನಿಂತು ಪರದೆಯ ಮೇಲೇ ಅಪವಾದ ಹೊರಿಸಿದೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಪರದೆ ಅದನ್ನೆಲ್ಲ ಕುಡಿದು ರೊಟ್ಟಿ ಹಂಚಿನಂತೆ ಕಾಯುತ್ತದೆ, ಆಮೇಲೆ ಹುಡುಗಿಯರ ಬೆನ್ನಿಗೆ ಆ ಕಾವು ಬಿಡುತ್ತದೆ. ನೆರಳನ್ನು ಗಾಜಿನ ಹೊರಗಡೆ ಕಟ್ಟಿದರೆ ಅರ್ಧ ಜಗಳ ಮುಗಿಯುತ್ತದೆ.

ಕಾಕಾ ಸಾವಧಾನವಾಗಿ ಕೇಳಿ, "ಪಡದಿ ಎಷ್ಟ ಕಾಯ್ತೈತಿ ಅಂತ ಅಳದ ತೋರಸ್ರಿ ಅಕ್ಕಾರ. ಖರೇ ಇದ್ರ ಹೊರಗ ಕಟ್ಟಸ್ತೇನಿ. ಇಲ್ಲಂದ್ರ ಕೀಲಿ," ಎಂದರು.

ಪರದೆಯ ಮೇಲೆ ಎಷ್ಟು ಬಿಸಿಲು ಬೀಳುತ್ತದೆ, ಅದರ ಬಣ್ಣ ಎಷ್ಟನ್ನು ನುಂಗುತ್ತದೆ, ಗಾಜಿಗೂ ಪರದೆಗೂ ನಡುವಿನ ಗಾಳಿ ಎಷ್ಟನ್ನು ಹೊತ್ತೊಯ್ಯುತ್ತದೆ ಎಂದು ಲೆಕ್ಕ ಹಾಕಿದೆ. ನಲವತ್ತೆಂಟು ಡಿಗ್ರಿ ಬಂತು. ಪರದೆಗೆ ತಾಪ ಅಳೆಯುವ ತಂತಿ ಅಂಟಿಸಿ, ಅಂಕಿ ತೋರಿಸುತ್ತ, ಬರೆದಿಟ್ಟುಕೊಂಡು ನನ್ನ ಫೋನಿಗೂ ಕಳಿಸುವ ಪುಟ್ಟ ಡಬ್ಬಿ ಇಟ್ಟು ಬಂದೆ. ಮೂರು ದಿನ ಬಿಟ್ಟು ಮನೆಯಲ್ಲೇ ಫೋನು ತೆರೆದು ನೋಡಿದರೆ ಡಬ್ಬಿಯ ಪ್ರಕಾರ ಮೂವತ್ತಾರು! ಮೊದಲ ದಿನ ಸ್ವಲ್ಪ ಹೊತ್ತು ನಲವತ್ತು ದಾಟಿತ್ತು. ಅದು ಡಬ್ಬಿಯ ತಪ್ಪಿರಬೇಕು ಎಂದು ನಾನೇ ಹೊಡೆದು ಹಾಕಿದೆ.

ಮುಖ ಸಣ್ಣದಾಯಿತು. ನನ್ನ ಲೆಕ್ಕವನ್ನು ಡಬ್ಬಿಯ ಅಂಕಿಗೆ ಹೊಂದಿಸಲು ಎರಡು ದಿನ ಕಂಪ್ಯೂಟರಿನ ಜೊತೆ ಗುದ್ದಾಡಿದೆ. ಕಂದು ಪರದೆಗೆ ಲೆಕ್ಕದಲ್ಲಿ ಸುಣ್ಣ ಬಳಿದೆ. ಗಾಜಿಗೂ ಪರದೆಗೂ ನಡುವಿನ ನಾಲ್ಕು ಬೆರಳಿನ ಸಂದಿಯಲ್ಲಿ ಜೋಳ ತೂರುವಂಥ ಗಾಳಿ ಬೀಸಿಸಿದೆ. ಕಡೆಗೂ ಅದು ಮೂವತ್ತಾರು ಎಂದಾಗ ಗೆದ್ದವಳಂತೆ ಕಾಗದದಲ್ಲಿ ಅಚ್ಚು ಹಾಕಿಸಿದೆ. ಆ ಕಾಗದ ಕಾಕಾ ಕೈಗೆ ಹೋದರೆ ಕೀಲಿ ಬೀಳುವುದು ಖಂಡಿತ ಎಂದು ಗೊತ್ತಿತ್ತು. ಆದರೂ ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ಶನಿವಾರ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಳ್ಳಲು ಹೋದೆ. ವಾಚನಾಲಯ ಗುಡಿಸಿ ನೀರು ತುಂಬುವ, ಎಲ್ಲರೂ ಮಾವಶಿ ಎಂದು ಕರೆಯುವ ಹೆಂಗಸು ಕಿಟಕಿಯ ಹತ್ತಿರ ನಿಂತಿದ್ದಳು. ನನ್ನ ತಂತಿಯ ಮೇಲೆ, ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ. ಬೀಳದಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ಬೇರೆ.

ಇದೇನು ಎಂದು ಕೇಳುವಾಗ ನನ್ನ ದನಿ ಏರಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅವಳು ಗಾಬರಿಯಾಗಲಿಲ್ಲ.

"ನೀವ ಜ್ವರಾ ನೋಡೂದು ಹಚ್ಚಿ ಹೋದ್ರೆಲ್ರಿ. ಅವತ್ತ ನಲವತ್ತ ದಾಟಾಕತ್ತಿತ್ತು, ನನಗ ಎದಿ ಧಸಕ್ಕಂತು. ಅಷ್ಟ ಏರಿದ್ರ ಹಸಿ ಅರಿವಿ ಹಾಕಬೇಕಲ್ರಿ. ತಾಸಿಗೊಮ್ಮೆ ಬದಲಿ ಮಾಡಾಕತ್ತೇನಿ." ಆಮೇಲೆ ದನಿ ತಗ್ಗಿಸಿದಳು. "ಬಿಸಿ ಇಳದೈತಿ ಅಂತ ಕಂಡ್ರ ಕಾಕಾರ ಕೀಲಿ ಹಾಕೂದಿಲ್ಲ ಅಂತ ತಿಳದ್ನಿ. ನನ್ನ ಮಗಳೂ ಇಲ್ಲೇ ಓದ್ತಾಳ್ರಿ."

ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಮಗಳು ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು, ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಭುಜ ಕುಣಿಯುವುದು ಕಂಡಿತು. ಅವಳ ನಗು ಪಕ್ಕದವಳಿಗೆ ಅಂಟಿ, ಇಡೀ ಕೋಣೆಗೆ ಹಬ್ಬಿ, ನನಗೂ ತಡೆಯಲಾಗಲಿಲ್ಲ. ಮಾವಶಿ ಮಾತ್ರ ನಗಲಿಲ್ಲ. ಅಂಕಿ ಇಳಿದರೇ ಕೀಲಿ ಬೀಳುತ್ತಿತ್ತು ಎಂದು ನಾನು ಹೇಳಿದಾಗ, ಮಗಳ ಓದಿಗೆ ತಾನೇ ಅಡ್ಡ ಬಂದೆನೇನೋ ಎಂಬುದು ಅವಳಿಗೆ ಹೊಳೆಯಿತು.

ಬಟ್ಟೆ ತೆಗೆದೆವು. ಮರುದಿನ ಕಾಕಾರನ್ನೇ ಕರೆಸಿ ಮಧ್ಯಾಹ್ನ ಮೂರರವರೆಗೆ ಡಬ್ಬಿಯ ಮುಂದೆ ಕೂರಿಸಿದೆ. ಅಂಕಿ ನಲವತ್ತೇಳಕ್ಕೆ ಬಂದು ನಿಂತಿತು. ಅವರು ಅಂಕಿಯನ್ನು ನಂಬದೆ ಅಂಗೈಯನ್ನು ಪರದೆಗೆ ಒತ್ತಿದರು, ತಟ್ಟನೆ ಹಿಂತೆಗೆದರು. ಫೋನು ತೆಗೆದು ಗೋಣಿತಟ್ಟು ಹೊಲಿಯುವವನಿಗೆ ಕಿಟಕಿಗಳ ಅಳತೆ ಹೇಳತೊಡಗಿದರು.

ಸೋಮವಾರ ಹೊರಗಡೆ ತಟ್ಟು ಇಳಿಬಿದ್ದಿತ್ತು. ಅದಕ್ಕೆ ನೀರು ಹೊಡೆಯುವ ಕೆಲಸವನ್ನು ಕಾಕಾ ಮಾವಶಿಗೇ ವಹಿಸಿದ್ದರು. ಕೋಣೆ ತಂಪಾಯಿತು ಎಂದರೆ ಸುಳ್ಳಾದೀತು, ಆದರೆ ಒಂದು ಗಂಟೆಗೆ ಒಂದು ಬೆಂಚೂ ಖಾಲಿ ಇರಲಿಲ್ಲ. ನಾನು ಆ ಮೂವತ್ತಾರರ ಕಾಗದ ತೆಗೆದು ಮಾವಶಿಗೆ ತೋರಿಸಿದೆ. ನನ್ನ ಮೊದಲ ಲೆಕ್ಕ ಸರಿಯಿತ್ತು, ನಾನೇ ಅದನ್ನು ತಿದ್ದಿ ತಿದ್ದಿ ಹಾಳು ಮಾಡಿದೆ, ಇದನ್ನೇ ಕಾಕಾಗೆ ಕೊಡುವವಳಿದ್ದೆ ಎಂದು ಹೇಳಿದೆ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು. ಅವಳು ಕೊಡ ಕೆಳಗಿಟ್ಟು ಆ ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿದಳು.

"ಹೋಗ್ಲಿ ಬಿಡ್ರಿ ಅಕ್ಕಾರ," ಎಂದಳು. "ಆ ಡಬ್ಬಿಗೆ ನಾನೂ ಅಂಜಿದ್ನಿ, ನೀವೂ ಅಂಜಿದ್ರಿ."