ಬೇಲಿಯಾಚೆಯ ಚೀನಾ

ಚೀನೀಯರಿಗೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು ಎಂಬ ಒಂದೇ ಒಂದು ಸಂಗತಿಯ ಮೇಲೆ ಗೌರೀಶ ಹಂಚಿನಾಳ ಆರು ವರ್ಷ ಹೊಟ್ಟೆ ಹೊರೆದ ಎಂದರೆ ನಂಬುವುದು ಕಷ್ಟ. ಆದರೆ ಸಿಡ್ನಿಯಲ್ಲಿ ನಂಬುವವರಿದ್ದರು. ಓಟ್ಸ್ ಮಾರುವವರು, ಜೇನು ಮಾರುವವರು, ಹಾಲಿನ ಪುಡಿ ಮಾರುವವರು ಅವನ ಕಾರ್ಯಾಗಾರದಲ್ಲಿ ಸಾಲಾಗಿ ಕೂತು, ಎರಡೂ ಕೈ ಚಾಚಿ ಒಬ್ಬರಿಗೊಬ್ಬರು ಕಾರ್ಡು ಕೊಟ್ಟುಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದರು. ಹುಬ್ಬಳ್ಳಿಯ ಮಠದಲ್ಲಿ ಪ್ರಸಾದಕ್ಕೆ ಬೊಗಸೆ ಒಡ್ಡುವವರಿಗೂ ಅಷ್ಟು ಭಕ್ತಿ ಇರುವುದಿಲ್ಲ. ಗೌರೀಶ ಅವರ ನಡುವೆ ಓಡಾಡುತ್ತ, "ಇನ್ನೂ ಸ್ವಲ್ಪ ಬಾಗಿ, ಹಾಂ, ಹಾಗೆ" ಎಂದು ಬೆನ್ನು ತಟ್ಟುತ್ತಿದ್ದ.

ಅವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಬೇಕಾದವರು ಯಾರೂ ಕೇಳಲಿಲ್ಲ. ಸ್ಕಿಲ್ಡ್ ವೀಸಾದಲ್ಲಿ ಬಂದ ಎಂಜಿನಿಯರು ಅವನು. ಎಲ್‌ಇಡಿ ದೀಪ ಆಮದು ಮಾಡುವ ಕಂಪನಿಯೊಂದರಲ್ಲಿದ್ದಾಗ ಚೀನಾದ ಗ್ವಾಂಗ್‌ಝೌ ವ್ಯಾಪಾರ ಸಂತೆಗೆ ಎರಡು ಸಲ ಹೋಗಿದ್ದ. ಎರಡೂ ಸೇರಿ ಒಂಬತ್ತು ದಿನ. ಅದರಲ್ಲಿ ಮೂರು ದಿನ ಹೊಟ್ಟೆ ಕೆಟ್ಟು ಹೋಟೆಲಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮರಳಿ ಬಂದಾಗ ಅವನ ಬಿಳಿಯ ಮ್ಯಾನೇಜರು ಮೀಟಿಂಗಿನಲ್ಲಿ, "ಚೀನಾ ಬಗ್ಗೆ ಗೌರೀಶನನ್ನು ಕೇಳಿ, ಅವನು ಏಷ್ಯಾದವನು" ಎಂದುಬಿಟ್ಟ. ಆ ಮನುಷ್ಯನ ದಡ್ಡತನ ದೊಡ್ಡದೋ, ಅದನ್ನು ಕೇಳಿ ತಲೆಯಾಡಿಸಿದ ಗೌರೀಶನ ಭಂಡತನ ದೊಡ್ಡದೋ ಹೇಳಲಾಗದು. ಮುಂದಿನ ವರ್ಷವೇ ಕೆಲಸ ಬಿಟ್ಟು ಚೀನಾ ಸಲಹೆಗಾರನಾದ. ಅವನಿಗೆ ಬರುತ್ತಿದ್ದ ಚೀನೀ ಮಾತು ಮೂರು: ನಮಸ್ಕಾರ, ಧನ್ಯವಾದ, ಗ್ಲಾಸು ಎತ್ತಿ ಹೇಳುವ ಇನ್ನೊಂದು. ಉಳಿದದ್ದಕ್ಕೆಲ್ಲ ನಲವತ್ತು ಸ್ಲೈಡುಗಳಿದ್ದವು.

ನಿಜವಾದ ಚೀನಾ ಅವನ ಬೇಲಿಗೆ ಅಂಟಿಕೊಂಡೇ ಇತ್ತು. ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ಅವನ ಪಕ್ಕದ ಮನೆಯವರು ಗು ಎಂಬ ಮುದುಕ ಮತ್ತು ಆತನ ಹೆಂಡತಿ. ಒಂಬತ್ತು ವರ್ಷದ ನೆರೆಹೊರೆ. ಅಷ್ಟರಲ್ಲಿ ಗೌರೀಶ ಆ ಮನೆಯೊಂದಿಗೆ ನಡೆಸಿದ ವ್ಯವಹಾರವೆಲ್ಲ ಪುರಸಭೆಯಂಥ ಕೌನ್ಸಿಲ್ ಮೂಲಕವೇ. ಮುದುಕ ಬೇಲಿಗುಂಟ ಬೆಳೆದ ಬೆಳ್ಳುಳ್ಳಿ ಸೊಪ್ಪಿನ ವಾಸನೆ ಬರುತ್ತದೆಂದು ಒಂದು ದೂರು. ಹಿಂದಿನ ಮಾರ್ಚಿನಲ್ಲಿ ಇನ್ನೊಂದು. ಅವತ್ತು ಆ ಮನೆಯ ಮುಂದೆ ಹದಿನೈದಿಪ್ಪತ್ತು ಕಾರು ನಿಂತಿದ್ದವು, ಜನ ತೋಳು ತುಂಬ ಬಿಳಿ ಸೇವಂತಿಗೆ ಹಿಡಿದು ಒಳಗೆ ಹೋಗುತ್ತಿದ್ದರು. "ಪಾರ್ಟಿ ಮಾಡೋರಿಗೆ ಪಾರ್ಕಿಂಗ್ ಬುದ್ಧಿ ಬ್ಯಾಡೇನು?" ಎಂದು ಗೊಣಗಿ, ಡ್ರೈವ್‌ವೇಗೆ ಅಡ್ಡ ನಿಂತ ಎರಡು ಕಾರುಗಳ ಗಾಜಿಗೆ ಚೀಟಿ ಸಿಕ್ಕಿಸಿ ಬಂದಿದ್ದ. ಬಿಳಿ ಹೂವು ಚೀನಾದಲ್ಲಿ ಏನನ್ನು ಸೂಚಿಸುತ್ತದೆ ಎಂಬುದು ಅವನ ಹದಿನಾಲ್ಕನೆಯ ಸ್ಲೈಡಿನಲ್ಲೇ ಇತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗು ಬೇಲಿಯ ಮೇಲಿಂದ ಒಂದು ಕೆಂಪು ತಗಡಿನ ಡಬ್ಬಿ ಚಾಚಿದ. ಮುಚ್ಚಳದ ಮೇಲೆ ಚಂದ್ರನ ಚಿತ್ರ, ಸುತ್ತ ಅಂಟುಪಟ್ಟಿ. "ಮೂನ್‌ಕೇಕ್" ಎಂದ. ಹುಣ್ಣಿಮೆ ಹಬ್ಬಕ್ಕೆ ಚೀನೀಯರು ಹಂಚುವ ಸಿಹಿ ಅದು. ಮುದುಕ ಎರಡೂ ಕೈಯಲ್ಲಿ ಕೊಟ್ಟ. ಗೌರೀಶ ಒಂದು ಕೈಯಲ್ಲಿ ತೆಗೆದುಕೊಂಡ, ಇನ್ನೊಂದರಲ್ಲಿ ಫೋನ್ ಇತ್ತು.

ಹೆಂಡತಿ ಮಹಾಶ್ವೇತಾ ಡಬ್ಬಿಯನ್ನು ಬೆರಳ ತುದಿಯಲ್ಲಿ ಹಿಡಿದಳು. "ಮೂನ್‌ಕೇಕಿನಾಗ ಮೊಟ್ಟಿ ಇರ್ತದ, ಹಂದಿ ಕೊಬ್ಬೂ ಹಾಕ್ತಾರಂತ. ನಮ್ಮ ಮನ್ಯಾಗ ಯಾರು ತಿಂತಾರ?"

"ಒಗೀಬ್ಯಾಡ. ಯಾರಿಗರ ಕೊಟ್ಟರಾತು."

ಅದಕ್ಕೆಂದೇ ಆ ಮನೆಯಲ್ಲಿ ಒಂದು ಕಪಾಟು ಇತ್ತು. ಸಿಡ್ನಿಯ ಕನ್ನಡ ಮನೆಗಳಲ್ಲಿ ಉಡಿ ತುಂಬುವಾಗ ಕೊಟ್ಟ ಖಣಗಳನ್ನು ಯಾರೂ ಹೊಲಿಸುವುದಿಲ್ಲ. ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ಸಿಕ್ಕಿದ ಖಣ ಸಿಡ್ನಿಯದೇ ಲಿವರ್‌ಪೂಲಿಗೆ ಹೋಗುತ್ತದೆ, ಅಲ್ಲಿಂದ ದಿ ಪಾಂಡ್ಸ್‌ಗೆ, ಮರುವರ್ಷ ಮಡಿಕೆ ಕೂಡ ಬಿಚ್ಚದೆ ಮೊದಲು ಕೊಟ್ಟವಳ ಉಡಿಗೇ ಬಂದು ಬೀಳುತ್ತದೆ. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಎಲ್ಲರಿಗೂ ಗೊತ್ತು. ಗುವಿನ ಡಬ್ಬಿ ಖಣಗಳ ಮೇಲೆ ಹೋಗಿ ಕೂತಿತು.

ಅದೇ ವಾರ ಮೆಲ್ಬರ್ನಿನಿಂದ ಬ್ರೆಟ್‌ನ ಫೋನು ಬಂತು. ಆಹಾರ ರಫ್ತುದಾರರ ಮಂಡಳಿಯೊಂದರ ಅಧ್ಯಕ್ಷ ಅವನು. ನವೆಂಬರಿನಲ್ಲಿ ಶಾಂಘೈಗೆ ಹೋಗುವ ನಿಯೋಗದಲ್ಲಿ ಸಾಂಸ್ಕೃತಿಕ ಸಲಹೆಗಾರನಿಗೆ ಒಂದು ಸೀಟು ಇತ್ತು. ಗೌರೀಶನಿಗೆ ಆ ಸೀಟು ಬೇಕೇಬೇಕಿತ್ತು. ಎರಡು ತಿಂಗಳಿಂದ ಅವನಿಗೆ ಒಂದೂ ಕಾರ್ಯಾಗಾರ ಸಿಕ್ಕಿರಲಿಲ್ಲ. ಮೆಲ್ಬರ್ನಿನಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗಿಯೊಬ್ಬಳು ಅದೇ ಕೆಲಸಕ್ಕೆ ಇಳಿದಿದ್ದಳು, ಅವಳಿಗೆ ಭಾಷೆಯೂ ಬರುತ್ತಿತ್ತು. ಅದೊಂದು ಮೋಸ ಎಂಬಂತೆ ಗೌರೀಶ ಅವಳನ್ನು ಬೈಯುತ್ತಿದ್ದ. ಶಾಂಘೈ ಸೀಟು ಸಿಕ್ಕರೆ ಉಳಿದ. ಸಿಗದಿದ್ದರೆ ಅಂಗಡಿ ಮುಚ್ಚಿ ಮತ್ತೆ ದೀಪದ ಕಂಪನಿಗಳ ಬಾಗಿಲು ತಟ್ಟಬೇಕಿತ್ತು.

"ಶುಕ್ರವಾರ ಶೆನ್ ಮೇಡಂ ಬರುತ್ತಿದ್ದಾರೆ, ನಮ್ಮ ಅತಿ ದೊಡ್ಡ ಓಟ್ಸ್ ಖರೀದಿದಾರರು. ಮಧ್ಯಾಹ್ನದ ಊಟಕ್ಕೆ ನೀನೂ ಇಲ್ಲಿಗೆ ಬಾ. ಅವರ ಸಂಸ್ಕೃತಿಗೆ ಒಪ್ಪುವ ಉಡುಗೊರೆ ನೀನೇ ತಾ. ಅವರು ಮೆಚ್ಚಿದರೆ ಸೀಟು ನಿನ್ನದೇ" ಎಂದ ಬ್ರೆಟ್.

ಗೌರೀಶ ಕಪಾಟಿನ ಬಾಗಿಲು ತೆಗೆದ. ಹುಣ್ಣಿಮೆಗೆ ಇನ್ನೂ ಎರಡು ದಿನವಿತ್ತು. ಹಬ್ಬಕ್ಕೆ ಸರಿಯಾಗಿ ಹಬ್ಬದ ಸಿಹಿ! ಮಗಳು ಆರತಿ ಅವನು ಡಬ್ಬಿಗೆ ಬಂಗಾರದ ಬಣ್ಣದ ಕಾಗದ ಸುತ್ತುವುದನ್ನು ನೋಡಿ, "ಡ್ಯಾಡ್, ಯು ಡಿಡಂಟ್ ಈವನ್ ಓಪನ್ ಇಟ್" ಎಂದಳು.

"ಚೀನಾದವ್ರು ಕೊಟ್ಟೋರ ಮುಂದ ಗಿಫ್ಟ್ ತೆಗ್ಯಾಂಗಿಲ್ಲವಾ. ಒಂಬತ್ತನೇ ಸ್ಲೈಡ್" ಎಂದ ಅವನು, ಕೇಳದ ಪ್ರಶ್ನೆಗೆ ಉತ್ತರವಾಗಿ.

ಶೆನ್ ಮೇಡಂ ಅರುವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಇಪ್ಪತ್ತು ವರ್ಷದಿಂದ ವಿದೇಶಿಯರ ಜೊತೆ ಊಟ ಮಾಡಿ ಮಾಡಿ ಆಕೆಯ ಮುಖಕ್ಕೆ ಒಂದು ತಾಳ್ಮೆ ಬಂದುಬಿಟ್ಟಿತ್ತು. ಬ್ರೆಟ್ ಬಾಗಿ ಎರಡೂ ಕೈಯಲ್ಲಿ ಕಾರ್ಡು ಕೊಟ್ಟ. ಅವನ ಹಿಂದಿದ್ದ ಮಂಡಳಿಯ ಐವರೂ ಹಾಗೆಯೇ ಕೊಟ್ಟರು. ಆಕೆ ಎಲ್ಲವನ್ನೂ ತೆಗೆದುಕೊಂಡು, ಗಟ್ಟಿಯಾದ ಇಂಗ್ಲಿಷಿನಲ್ಲಿ, "ಈ ವರ್ಷದ ಓಟ್ಸಿನಲ್ಲಿ ತೇವ ಎಷ್ಟಿದೆ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಅವರು ಬಾಗುವುದನ್ನಷ್ಟೇ ಕಲಿತು ಬಂದಿದ್ದರು.

ಗೌರೀಶ ಕೂಡಲೇ ಎದ್ದು ನಿಂತು ಡಬ್ಬಿ ಒಪ್ಪಿಸಿದ. ನಿಮ್ಮ ಹಬ್ಬಕ್ಕೆಂದೇ ಸಿಡ್ನಿಯಲ್ಲಿ ಹುಡುಕಿ ಮಾಡಿಸಿದ್ದು, ನನಗೆ ಬಹಳ ಆಪ್ತರಾದ ಒಬ್ಬ ಹಿರಿಯರ ಕೈಯದ್ದು ಎಂದ. ಹೇಳುತ್ತ ಹೇಳುತ್ತ ಅವನಿಗೇ ಅದು ನಿಜವೆನ್ನಿಸಿತು. ಬ್ರೆಟ್ ಹೆಮ್ಮೆಯಿಂದ ತಲೆಯಾಡಿಸಿದ.

ಶೆನ್ ಮೇಡಂ ಅಲ್ಲೇ, ಎಲ್ಲರ ಮುಂದೆ, ಕಾಗದ ಹರಿದು ಮುಚ್ಚಳ ತೆಗೆದರು. ಒಂಬತ್ತನೇ ಸ್ಲೈಡು ಅಲ್ಲಿಗೆ ಮುಗಿಯಿತು.

ಒಳಗಿದ್ದದ್ದು ಅಂಗಡಿಯ ಸಿಹಿಯಲ್ಲ. ಮನೆಯಲ್ಲಿ ತಟ್ಟಿದ, ಒಂದು ದೊಡ್ಡದು ಒಂದು ಸಣ್ಣದಾದ, ಬಣ್ಣ ಬಾರದ ಆರು ಮೂನ್‌ಕೇಕು. ಮುಚ್ಚಳದ ಒಳಬದಿಯಲ್ಲಿ ಯಾರೋ ಪೆನ್ನಿನಲ್ಲಿ ಸಕ್ಕರೆ ಎಷ್ಟು, ಎಣ್ಣೆ ಎಷ್ಟು ಎಂದು ಬರೆದುಕೊಂಡ ಅಳತೆಗಳು. ಮೂನ್‌ಕೇಕುಗಳ ಮೇಲೆ ನಾಲ್ಕು ಮಡಿಕೆಯ ಒಂದು ಕಾಗದ. ಆಕೆ ಅದನ್ನು ಬಿಚ್ಚಿ ಒಂದು ಕ್ಷಣ ಕಣ್ಣಾಡಿಸಿದರು. ಮುಖ ಬಿಗಿಯಿತು. ನಂತರ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಗೌರೀಶನತ್ತ ಚಾಚಿದರು.

"ನೀವೇ ಓದಿ ಹೇಳಿ."

ಗೌರೀಶನೂ ಎರಡೂ ಕೈಯಲ್ಲಿ ತೆಗೆದುಕೊಂಡ. ಪುಟದ ತುಂಬ ಕೈಬರಹದ ಚೀನೀ ಅಕ್ಷರ. ನನಗೆ ಓದಲು ಬರುವುದಿಲ್ಲ ಎನ್ನಲು ಅವನಿಗೆ ಸಮಯವಿತ್ತು. ಬಾಯಿಯೂ ಇತ್ತು. ಅವನು ಗಂಟಲು ಸರಿಮಾಡಿಕೊಂಡು, "ಇದೊಂದು ಪುರಾತನ ಹಾರೈಕೆ. ಎರಡು ದೇಶಗಳ ಸ್ನೇಹ ಹುಣ್ಣಿಮೆಯ ಚಂದ್ರನ ಹಾಗೆ ಬೆಳಗಲಿ ಎಂದು. ನಾನೇ ಹೇಳಿ ಬರೆಸಿದ್ದು" ಎಂದ. ಬ್ರೆಟ್ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಕುರಿಗಳು!

ಚಪ್ಪಾಳೆ ನಿಲ್ಲುವವರೆಗೆ ಕಾದು ಶೆನ್ ಮೇಡಂ ಕಾಗದ ಹಿಂದಕ್ಕೆ ತೆಗೆದುಕೊಂಡರು. ಅವಸರವಿಲ್ಲದೆ ಇಂಗ್ಲಿಷಿನಲ್ಲಿ ಓದಿದರು.

"ಪಕ್ಕದ ಮನೆಯವರಿಗೆ. ನೀವು ಮೊಟ್ಟೆ, ಮಾಂಸ ಮುಟ್ಟುವುದಿಲ್ಲ ಎಂದು ನಿಮ್ಮ ಮಗಳು ಹೇಳಿದಳು. ಆದ್ದರಿಂದ ಎಣ್ಣೆ, ಸಕ್ಕರೆ, ಕಮಲದ ಬೀಜದಲ್ಲೇ ಮಾಡಿದ್ದೇನೆ. ಮೊಟ್ಟೆ ಸವರದಿದ್ದರಿಂದ ಬಣ್ಣ ಬಂದಿಲ್ಲ. ಇದನ್ನೆಲ್ಲ ಮಾಡುತ್ತಿದ್ದವಳು ನನ್ನ ಹೆಂಡತಿ. ಮಾರ್ಚಿನಲ್ಲಿ ತೀರಿಕೊಂಡಳು. ಅವತ್ತು ನಮ್ಮವರ ಕಾರುಗಳಿಂದ ನಿಮಗೆ ತೊಂದರೆಯಾಯಿತು, ಕ್ಷಮಿಸಿ. ನೀವು ಚೀನೀ ಸಂಸ್ಕೃತಿ ಕಲಿಸುವವರಂತೆ. ನನಗೆ ಇಂಗ್ಲಿಷ್ ಬರುವುದಿಲ್ಲ, ನೀವು ಓದಬಲ್ಲಿರಿ ಎಂದು ನಮ್ಮ ಭಾಷೆಯಲ್ಲೇ ಬರೆದಿದ್ದೇನೆ. ಒಂದು ಸಂಜೆ ಚಹಾಕ್ಕೆ ಬನ್ನಿ. ಡಬ್ಬಿ ಅವಳದು. ತಿಂದಾದ ಮೇಲೆ ಅದೊಂದನ್ನು ಹಿಂದಿರುಗಿಸಿ."

ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಒಳಗಿಟ್ಟು, ಮುಚ್ಚಳ ಹಾಕಿ, ಡಬ್ಬಿಯನ್ನು ಗೌರೀಶನ ಮುಂದೆ ಸರಿಸಿದರು. "ಇದು ನನಗೆ ಬಂದದ್ದಲ್ಲ" ಎಂದರು. ಆಮೇಲೆ ಬ್ರೆಟ್‌ನ ಕಡೆ ತಿರುಗಿ ಮತ್ತೆ ತೇವಾಂಶದ ಮಾತೆತ್ತಿದರು.

ಮೆಲ್ಬರ್ನ್ ವಿಮಾನ ನಿಲ್ದಾಣ ತಲುಪುವ ಹೊತ್ತಿಗೆ ನಿಯೋಗದ ಪಟ್ಟಿ ಈಮೇಲಿಗೆ ಬಂದಿತ್ತು. ಸಲಹೆಗಾರರ ಸಾಲಿನಲ್ಲಿ ಮೆಲ್ಬರ್ನಿನ ಆ ಚೀನೀ ಹುಡುಗಿಯ ಹೆಸರಿತ್ತು. ಗೌರೀಶ ಪಟ್ಟಿಯನ್ನು ಮೂರು ಸಲ ಓದಿದ. ಅವನಿಗೆ ಮುದುಕನ ಹೆಂಡತಿಯ ನೆನಪಾಗಲಿಲ್ಲ, ತನ್ನ ಚೀಟಿಯ ನೆನಪಾಗಲಿಲ್ಲ, ಸುಳ್ಳಿನ ನೆನಪೂ ಆಗಲಿಲ್ಲ. ಆದದ್ದು ಸಿಟ್ಟು. ಯಾರು ಕೇಳಿದ್ದರು ಈ ಮುದುಕನಿಗೆ ಕಾಗದ ಬರೆಯೆಂದು? ಎದ್ದು ಹೋಗಿ ಡಬ್ಬಿಯನ್ನು, ಆರೂ ಮೂನ್‌ಕೇಕು ಕಾಗದದ ಸಮೇತ, ಕಸದ ಬುಟ್ಟಿಗೆ ತುರುಕಿ ವಿಮಾನ ಹತ್ತಿದ.

ಮರುದಿನ ಬೆಳಿಗ್ಗೆ ಗು ಬೇಲಿಯ ಹತ್ತಿರವೇ ನಿಂತಿದ್ದ. "ಕೇಕ್ ಓಕೆ? ನೋ ಎಗ್."

"ವೆರಿ ಟೇಸ್ಟಿ" ಎಂದ ಗೌರೀಶ.

ಮುದುಕನ ಮುಖ ಅರಳಿತು. ಚೀನೀ ಭಾಷೆಯಲ್ಲಿ ಏನೇನೋ ಸಡಗರದಿಂದ ಹೇಳತೊಡಗಿದ. ಗೌರೀಶ ತಲೆಯಾಡಿಸುತ್ತ ನಿಂತ. ಕೊನೆಗೆ ಗು ಗಾಳಿಯಲ್ಲಿ ಚೌಕ ಬರೆದು ತೋರಿಸಿದ. "ಬಾಕ್ಸ್?"

"ಮೈ ವೈಫ್ ಈಸ್ ವಾಷಿಂಗ್."

"ನೋ ಹರಿ, ನೋ ಹರಿ" ಎಂದ ಮುದುಕ.

ಬಟ್ಟೆ ಒಣಗಲು ಹಾಕುತ್ತಿದ್ದ ಮಹಾಶ್ವೇತಾ ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಬಂದ ಗಂಡನನ್ನು ನಿಲ್ಲಿಸಿ ವಿಷಯ ಬಾಯಿ ಬಿಡಿಸಿದಳು. ಕೇಳಿ ಮುಗಿದ ಮೇಲೆ ಅಂದಳು: "ಸತ್ತಾಕಿ ಡಬ್ಬಿ ಕಸಕ್ಕ ಒಗದು, ತೊಳ್ಯಾಕಿ ನಾನಂತ ನನ್ನ ಹೆಸರು ಹೇಳಿ ಬಂದೀರಿ. ಥೂ! ಹೋಗಿ ಖರೇ ಹೇಳ್ರಿ ಆ ಹಿರೇಮನಿಷಾಗ."

ಖರೆ ಹೇಳುವುದೊಂದನ್ನು ಬಿಟ್ಟು ಗೌರೀಶ ಮತ್ತೆಲ್ಲವನ್ನೂ ಮಾಡಿದ. ವಿಮಾನ ನಿಲ್ದಾಣಕ್ಕೆ ಫೋನು ಮಾಡಿದ, ಕಸ ಹಿಂದಿನ ರಾತ್ರಿಯೇ ಹೋಗಿತ್ತು. ಮೂರು ಬಡಾವಣೆ ಸುತ್ತಿ, ಒಂದು ಚೀನೀ ಅಂಗಡಿಯಲ್ಲಿ ಅದೇ ಕೆಂಪಿನ, ಅದೇ ಚಂದ್ರನ ಡಬ್ಬಿ ಹುಡುಕಿ ತಂದ. ಅಂಚಿಗೆ ಸ್ವಲ್ಪ ಗೀರು ಮಾಡಿದ, ಹಳತಾಗಿ ಕಾಣಲೆಂದು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಕಪಾಟಿನಲ್ಲಿದ್ದ ಶೇಂಗಾ ಉಂಡೆಗಳನ್ನು ತಾನೇ ತುಂಬಿದ. ಮಹಾಶ್ವೇತಾ ಕೈ ಹಚ್ಚಲಿಲ್ಲ.

ಭಾನುವಾರ ಅವನು ಗುವಿನ ಬಾಗಿಲಿಗೇ ಹೋಗಿ, ಬಾಗಿ, ಎರಡೂ ಕೈಯಲ್ಲಿ ಡಬ್ಬಿ ಚಾಚಿದ. ಕಾರ್ಯಾಗಾರದಲ್ಲಿ ಕೂಡ ಅವನು ಅಷ್ಟು ಚೆನ್ನಾಗಿ ಬಾಗಿರಲಿಲ್ಲ. ಒಳಗೆ ಮೇಜಿನ ಮೇಲೆ ಎರಡು ಚಹಾ ಬಟ್ಟಲು ಇಟ್ಟದ್ದು ಕಾಣುತ್ತಿತ್ತು.

ಗು ಡಬ್ಬಿಯನ್ನು ತೆಗೆದುಕೊಳ್ಳಲಿಲ್ಲ. ಅವನ ಕೈಯಲ್ಲಿದ್ದ ಹಾಗೆಯೇ ಮುಚ್ಚಳ ಎತ್ತಿದ. ಉಂಡೆಗಳನ್ನು ನೋಡಲಿಲ್ಲ, ಮುಚ್ಚಳವನ್ನು ತಿರುವಿ ಒಳಬದಿ ನೋಡಿದ. ಹೊಸ ತಗಡು ಫಳಫಳ ಹೊಳೆಯುತ್ತಿತ್ತು. ಒಂದೂ ಅಕ್ಷರವಿರಲಿಲ್ಲ. ಮುದುಕ ಅದರ ಮೇಲೆ ಹೆಬ್ಬೆರಳು ಸವರಿದ, ಇನ್ನೊಮ್ಮೆ ಸವರಿದ, ಮತ್ತೆ ಮುಚ್ಚಳ ಹಾಕಿದ.

"ಥ್ಯಾಂಕ್ ಯೂ" ಎಂದು ಡಬ್ಬಿಯನ್ನು ಒಂದೇ ಕೈಯಲ್ಲಿ ತೆಗೆದುಕೊಂಡು ಬಾಗಿಲು ಹಾಕಿಕೊಂಡ.

ಚೀನಾದ ಬಗ್ಗೆ ಗೌರೀಶನಿಗೆ ನಿಜಕ್ಕೂ ತಿಳಿದಿದ್ದ ಸಂಗತಿ ಒಂದೇ, ಆ ಎರಡು ಕೈಯದು. ಅದನ್ನು ಅವತ್ತು ಅವನಿಗೆ ಯಾರೂ ಓದಿ ಹೇಳಬೇಕಾಗಲಿಲ್ಲ.