ಎರಡನೇ ಡಬ್ಬಿ ಮೊದಲು

ನಮ್ಮ ತಾತ ಟೀವಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ರೀಲು ಓಡಿಸಿದವರು. ಡಬ್ಬಿಯಿಂದ ಫಿಲ್ಮ್ ತೆಗೆದು, ಮೆಷಿನ್ನಿಗೆ ಪೋಣಿಸಿ, ಗಡಿಯಾರದ ಮುಳ್ಳು ಸರಿಯಾದ ಜಾಗಕ್ಕೆ ಬಂದಾಗ ಗುಂಡಿ ಒತ್ತುವುದು ಅವರ ಕೆಲಸ. ಮನೆಯಲ್ಲಿ ಅವರಷ್ಟು ಅಚ್ಚುಕಟ್ಟಿನ ಪ್ರಾಣಿ ಇನ್ನೊಂದಿಲ್ಲ. ಅಡುಗೆಮನೆಯ ಪ್ರತಿ ಡಬ್ಬಕ್ಕೂ ನಂಬರು, ಮುಚ್ಚಳಕ್ಕೂ ಅದೇ ನಂಬರು. ಏಳರ ಮುಚ್ಚಳ ಒಂಬತ್ತರ ಮೇಲೆ ಕೂತಿತೋ, ಮುಗಿಯಿತು! "ನಿಮ್ಮ ತಾತನಿಗೆ ನನ್ನ ಹಣೆಗೂ ಒಂದು ಚೀಟಿ ಅಂಟಿಸೋ ಆಸೆ," ಎಂದು ಅಜ್ಜಿ ನಗುತ್ತಿದ್ದರು.

ಇತ್ತೀಚೆಗೆ ಮಾತ್ರ ಆ ನಗು ಕಮ್ಮಿಯಾಗಿತ್ತು. ಹೋದ ತಿಂಗಳು ಅಜ್ಜಿ ಒಲೆ ಆರಿಸದೆ ಹೊರಗೆ ಹೋಗಿದ್ದರು. ಎದುರು ಮನೆಯವರ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ನೆನಪು ಕೈಕೊಡುತ್ತಿದೆ ಎಂಬ ಭಯ ಹೊಕ್ಕಿತು. ಮಂಗಳವಾರ ಡಾಕ್ಟರ ಬಳಿ ಪರೀಕ್ಷೆ. "ಹೊಸದು ಮರೆತ್ರೆ ಮರೀಲಿ, ಹಳೇದಾದ್ರೂ ಗಟ್ಟಿ ಇದ್ಯಲ್ಲ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಆ ಹಳೆಯದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಒಂದು ಕುದುರೆಯ ಕಥೆ. ಅವರ ಮದುವೆಯಾದ ಹೊಸದರಲ್ಲಿ ಟೀವಿಯಲ್ಲಿ ಕೌಬಾಯ್‌ಗಳ ನಗೆ ಧಾರಾವಾಹಿಯೊಂದು ಬರುತ್ತಿತ್ತಂತೆ. ಅದರ ಒಂದು ಎಪಿಸೋಡ್‌ನಲ್ಲಿ ಮಳೆ ಬಿದ್ದು ಊರಿನ ಪೊಲೀಸನಾದ ಶೆರೀಫನ ಕಪ್ಪು ಕುದುರೆ ಬೆಳ್ಳಗಾಗುತ್ತದೆ. ನೋಡಿದರೆ ಅದು ಅವನದೇ ಕಳುವಾದ ಕುದುರೆ! ಕದ್ದು, ಬಣ್ಣ ಬಳಿದು, ಅವನಿಗೇ ಮಾರಿದ ಕಳ್ಳ ಜೈಲಿಗೆ ಹೋಗುತ್ತಾನೆ. ಹೊರಗೆ ಬಂದವನೇ ಅದೇ ಕುದುರೆ ಕದ್ದು, ಅದೇ ಬಣ್ಣ ಬಳಿದು, ಅದೇ ಶೆರೀಫನಿಗೆ ಮತ್ತೆ ಮಾರುತ್ತಾನೆ. "ಎರಡು ಸಲ, ಮಗು! ಒಂದೇ ಕುದುರೆ, ಎರಡು ಸಲ!" ಎಂದು ಅಜ್ಜಿ ಎರಡು ಬೆರಳು ತೋರಿಸುವುದನ್ನು ನೋಡಿಯೇ ನಾನು ಬೆಳೆದದ್ದು.

ಪರೀಕ್ಷೆಗೆ ಮೊದಲು ಅವರನ್ನು ಒಮ್ಮೆ ನಗಿಸಬೇಕು ಅಂತ ನಾನು ಇಂಟರ್ನೆಟ್ಟೆಲ್ಲ ಜಾಲಾಡಿ, ಕೊನೆಗೂ ಆ ಎಪಿಸೋಡ್ ಸಿಕ್ಕಾಗ ಕಾಲೇಜಿನ ಕಾರಿಡಾರಿನಲ್ಲೇ ಕುಣಿದುಬಿಟ್ಟೆ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

"ಅದೆಲ್ಲ ಈಗ ಯಾಕೆ?" ಎಂದರು ತಾತ. "ಹಳೇ ಸರಕು," ಎಂದವರೇ ಗಿಡಗಳಿಗೆ ನೀರು ಹಾಕುವ ನೆಪದಲ್ಲಿ ಬಾಲ್ಕನಿಗೆ ಹೋದರು.

ಎಪಿಸೋಡ್ ಶುರುವಾಯಿತು. ಕಳ್ಳ ಬ್ರಷ್ ಹಿಡಿದು ಕುದುರೆಗೆ ಬಣ್ಣ ಬಳಿಯುತ್ತಿದ್ದ.

"ಇದು ಆಮೇಲೆ ಬರೋದು," ಎಂದರು ಅಜ್ಜಿ.

ಶೆರೀಫ್ ಕುದುರೆ ಕೊಂಡ. ಮಳೆ ಬಂತು. ಕುದುರೆ ಬೆಳ್ಳಗಾಯಿತು. ಕಳ್ಳ ಜೈಲು ಸೇರಿದ. ಕೊನೆಯಲ್ಲಿ ನಟರ ಹೆಸರುಗಳು ಓಡತೊಡಗಿದವು.

"ಮತ್ತೆ ಮಾರೋದು ಎಲ್ಲಿ?"

"ಇಷ್ಟೇ ಅಜ್ಜಿ. ಮುಗೀತು."

"ಇಲ್ಲ ಮಗು. ಎರಡು ಸಲ ಮಾರ್ತಾನೆ."

ನಾನು ಇನ್ನೊಮ್ಮೆ ಹಾಕಿದೆ. ಒಂದೇ ಸಲ. ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಾಗಾದ್ರೆ ಇಷ್ಟು ವರ್ಷ ಇಲ್ಲದ್ದನ್ನೇ ಹೇಳ್ತಾ ಬಂದಿದ್ದೀನಿ. ಹಳೇದೂ ಹೋಯ್ತು ಅಂತಾಯ್ತು." ಅಷ್ಟು ಮೆಲ್ಲಗೆ ಅಜ್ಜಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನಗಿಸಲು ಹೋಗಿ ಎಂಥ ಕೆಲಸ ಮಾಡಿಟ್ಟೆ ಅನ್ನಿಸಿತು.

ಬಾಲ್ಕನಿಯ ಬಾಗಿಲಲ್ಲಿ ತಾತ ನೀರಿನ ಮಗ್ಗು ಹಿಡಿದು ನಿಂತಿದ್ದರು.

"ನಿನ್ನ ನೆನಪಿಗೆ ಏನೂ ಆಗಿಲ್ಲ."

"ಸಮಾಧಾನ ಹೇಳ್ಬೇಡಿ."

"ಸಮಾಧಾನ ಅಲ್ಲ ಕಣೇ. ನಾನೇ ಉಲ್ಟಾ ಓಡಿಸಿದ್ದು."

ಒಂದೊಂದು ಎಪಿಸೋಡ್ ಎರಡು ಡಬ್ಬಿಗಳಲ್ಲಿ ಬರುತ್ತಿತ್ತಂತೆ. ಆವತ್ತು ಯಾರೋ ಮುಚ್ಚಳಗಳನ್ನು ಅದಲುಬದಲು ಮಾಡಿದ್ದರು. ಫಿಲ್ಮಿನ ತುದಿಯಲ್ಲಿರುವ ನಂಬರನ್ನು ಪೋಣಿಸುವ ಮೊದಲು ನೋಡಲೇಬೇಕು. ತಾತ ಕೆಲಸಕ್ಕೆ ತಡವಾಗಿ ಬಂದಿದ್ದರು, ನೋಡಲಿಲ್ಲ. ಗುಂಡಿ ಒತ್ತಿದ ಮೇಲೆ ನೋಡಿದರೆ, ನೇರವಾಗಿ ಮಳೆ! ನಿಲ್ಲಿಸುವ ಹಾಗಿಲ್ಲ, ಇಡೀ ಊರು ನೋಡುತ್ತಿದೆ. ಕೊನೆಯ ಹೆಸರುಗಳು ಬರುವ ಮುಂಚೆ ಪರದೆಗೆ ಒಂದು ಹೂವಿನ ಚಿತ್ರ ಹಾಕಿ, ಬೆವರುತ್ತಾ ಮೊದಲನೇ ಡಬ್ಬಿ ಓಡಿಸಿದರು. ಹಾಗಾಗಿ ಜೈಲಿಗೆ ಹೋದ ಕಳ್ಳನೇ ಮತ್ತೆ ಬಂದು ಕುದುರೆ ಮಾರಿದಂತೆ ಕಂಡಿತ್ತು. ಮೇಲಿನವರಿಗೆ ಗೊತ್ತಾಗಲಿಲ್ಲ. ಮತ್ತೆ ತೋರಿಸಿ ಅಂತ ನೋಡಿದವರಿಂದ ಎರಡು ಪತ್ರವೂ ಬಂದವಂತೆ!

ನಮ್ಮ ಅಡುಗೆಮನೆಯ ಮುಚ್ಚಳಗಳಿಗೂ ನಂಬರು ಯಾಕೆ ಅಂತ ನನಗೆ ಆಗ ಹೊಳೆಯಿತು.

"ಅಂದ್ರೆ ನಾನು ನೋಡಿದ್ದು ನಿಜ," ಎಂದರು ಅಜ್ಜಿ.

"ನಿಜ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ! ನಿಮ್ಮದೇನು ಹೊಟ್ಟೆಯೋ, ಕಬ್ಬಿಣದ ಪೆಟ್ಟಿಗೆಯೋ?"

"ಆವತ್ತೇ ಹೇಳೋಣ ಅಂತ ಬಂದೆ. ನೀನು ಬಾಗಿಲಲ್ಲೇ ನಿಂತು, ಹೊಟ್ಟೆ ಹಿಡ್ಕೊಂಡು ನಗ್ತಾ ಆ ಕಥೆ ಹೇಳಿದೆ. ಮದುವೆಯಾಗಿ ನಾಲ್ಕು ತಿಂಗಳು, ನೀನು ನಕ್ಕಿದ್ದನ್ನ ನಾನು ನೋಡಿದ್ದೇ ಆವತ್ತು. ಅದು ತಪ್ಪು ಕಥೆ ಅಂತ ಹೇಗೆ ಹೇಳ್ಲಿ?"

ಅಜ್ಜಿ ಕನ್ನಡಕ ಹಾಕಿಕೊಂಡು, "ಮಗು, ಎರಡನೇ ಅರ್ಧ ಮೊದಲು ಹಾಕು," ಎಂದರು. ತಾತನೂ ಕುರ್ಚಿ ಎಳೆದುಕೊಂಡರು. ಮಳೆ ಬರುವ ಮುಂಚೆ ಅಜ್ಜಿ "ಮಳೆ" ಎಂದರು, ಶೆರೀಫ್ ಜಾರುವ ಮುಂಚೆ "ಈಗ ಬೀಳ್ತಾನೆ" ಎಂದರು. ಒಂದೂ ತಪ್ಪಲಿಲ್ಲ!

ಮಂಗಳವಾರ ಡಾಕ್ಟರು ದಿನಾಂಕ ಕೇಳಿದರು, ಲೆಕ್ಕ ಕೇಳಿದರು, ಕೊನೆಗೆ, "ಯಾವುದಾದ್ರೂ ಹಳೇ ಸಂಗತಿ ಹೇಳಿ ಅಮ್ಮ," ಎಂದರು. ಅಜ್ಜಿ ಕುದುರೆಯ ಕಥೆ ಎತ್ತಿಕೊಂಡರು. ಡಾಕ್ಟರು ನಕ್ಕು, "ಅದನ್ನೇ ಎರಡನೇ ಸಲ ಕೊಂಡುಕೊಂಡ್ನಾ? ನಿಜವಾಗ್ಲೂ ಹೀಗೇ ಇತ್ತಾ?" ಎಂದು ತಾತನ ಕಡೆ ತಿರುಗಿದರು.

"ಹೀಗೇ ಇತ್ತು ಡಾಕ್ಟ್ರೇ," ಎಂದರು ತಾತ. "ನಾನೇ ತೋರಿಸಿದ್ದು."