ಅಪ್ಪನ ಸೀನಿಗೆ ನಾನೂ ನಕ್ಕೆ

ಹೋದ ಭಾನುವಾರ ಮ್ಯಾಟ್ನಿ ಶೋಗೆ ಹೋಗಿ, ನಂಜನಗೂಡಿನ ಥಿಯೇಟರಿನಲ್ಲಿ ನಮ್ಮಪ್ಪನನ್ನು ತೆರೆಯ ಮೇಲೆ ನೋಡಿದೆ.

ಪಕ್ಕದ ಸೀಟಿನಲ್ಲೂ ಅಪ್ಪನೇ ಕೂತಿದ್ದ. ಅವನ ಆ ಕಡೆ ಅವ್ವ.

ನನ್ನ ಸ್ಟೇಟಸ್ ನೋಡುವವರಿಗೆ ಗೊತ್ತು, ನೋಡಿದ ಸಿನಿಮಾ ಬಗ್ಗೆ ಎರಡು ಮೂರು ಸಾಲು ಬರೆದು ಹಾಕುವುದು ನನ್ನ ಅಭ್ಯಾಸ. ಈ ತಿಂಗಳು ಮೂರು ನೋಡಿದೆ. ಒಂದು ಪೊಲೀಸ್ ಕಥೆ. ಕೊಲೆಗಾರ ಯಾರು ಅಂತ ಇಂಟರ್‌ವಲ್‌ಗೆ ಮೊದಲೇ ಗೊತ್ತಾಯಿತು, ಮ್ಯೂಸಿಕ್ ಅಬ್ಬರದಲ್ಲಿ ಯಾರ ಮಾತೂ ಸರಿಯಾಗಿ ಕೇಳಿಸಲಿಲ್ಲ.

ಇನ್ನೊಂದು ದೆವ್ವದ್ದು. ದೆವ್ವಕ್ಕಿಂತ ದೆವ್ವ ಬಿಡಿಸಲು ಬಂದವನ ವಿಗ್ಗು ನೋಡಿ ಭಯವಾಯಿತು.

ಮೂರನೆಯದು ಇದು. ಇದು ಮೂರು ಸಾಲಿನಲ್ಲಿ ಮುಗಿಯುವುದಿಲ್ಲ...

ಅಪ್ಪ ದೇವನೂರಿನಲ್ಲಿ ಫ್ಲೋರ್ ಮಿಲ್ ಇಟ್ಟುಕೊಂಡಿದ್ದಾನೆ. ಮಿಷಿನ್ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ದನಿ ದೊಡ್ಡದಾಗಿದೆ. ಎರಡು ವರ್ಷದ ಹಿಂದೆ ಊರಿಗೆ ಶೂಟಿಂಗ್‌ನವರು ಬಂದಿದ್ದಾಗ, ಆ ದನಿ ಕೇಳಿಯೇ ಡೈರೆಕ್ಟರು ಮಿಲ್ಲಿನ ಒಳಗೆ ಬಂದರಂತೆ. ಒಂದು ಸೀನಿದೆ, ಮಾಡ್ತೀರಾ ಅಂತ ಕೇಳಿದರಂತೆ.

ಹೀರೋನ ತಾಯಿ ತೀರಿಕೊಂಡಿರುತ್ತಾಳೆ. ಅವನು ಸಿಟಿಯಿಂದ ಫ್ರೆಂಡ್ ಜೊತೆ ತಡವಾಗಿ ಬರುತ್ತಾನೆ. ಬಾಗಿಲಲ್ಲಿ ನಿಂತ ಊರಿನ ಹಿರಿಯ ಅವನಿಗೆ ವಿಷಯ ತಿಳಿಸಬೇಕು. ಬರೆದು ತಂದ ಡೈಲಾಗ್ ಅಪ್ಪನ ಬಾಯಿಗೆ ಹೊಂದಲಿಲ್ಲ. ಹಾಗಾದರೆ ನೀವೇ ಹೇಗೆ ಹೇಳ್ತೀರೋ ಹಾಗೆ ಹೇಳಿ ಅಂದರಂತೆ.

ಅಪ್ಪ ಹೇಳಿದ್ದು ಇಷ್ಟು: "ಈಗ ಬಂದ್ಯಾ ಮಗ... ನಿಮ್ಮವ್ವ ಬೆಳಿಗ್ಗೆನೇ ಓದ್ಲು ಕಣಪ್ಪ."

ಒಂದೇ ಟೇಕ್. ಮೇಕಪ್ ಮಾಡುತ್ತಿದ್ದ ಹೆಂಗಸು ಕಣ್ಣೊರೆಸಿಕೊಂಡಳು ಅಂತ ಅವ್ವ ಎರಡು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದಾಳೆ.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಸಿನಿಮಾ ಚೆನ್ನಾಗಿಯೇ ಹೋಗುತ್ತಿತ್ತು. ಆ ಮನೆ ಬಂತು, ಬಾಗಿಲು ಬಂತು, ಅಪ್ಪ ಬಂದ. ಅವನದೇ ದನಿ, ಅದೇ ಮಾತು.

ತಕ್ಷಣ ಹೀರೋನ ಫ್ರೆಂಡು ಹಿಂದಿನಿಂದ ಕೇಳುತ್ತಾನೆ. "ಓದಿದ್ರಾ? ಏನ್ ಓದಿದ್ರು, ಪಿಯುಸಿನಾ?"

ಥಿಯೇಟರ್ ಪೂರ್ತಿ ನಗು.

ನಾನೂ ನಕ್ಕೆ.

ಅರೆಕ್ಷಣ ಇರಬಹುದು. ಬಾಯಿಂದ ನಗು ಹೊರಗೆ ಬಂದ ಮೇಲೆ ಯಾರನ್ನು ನೋಡಿ ನಗುತ್ತಿದ್ದೇನೆ ಅಂತ ಗೊತ್ತಾಯಿತು. ಅಪ್ಪ ನನ್ನ ಕಡೆ ತಿರುಗಲಿಲ್ಲ. ತೆರೆಯನ್ನೇ ನೋಡುತ್ತಿದ್ದ.

ಶೂಟಿಂಗ್ ದಿನ ಫ್ರೆಂಡಿಗೆ ಆ ಮಾತೇ ಇರಲಿಲ್ಲವಂತೆ. ಆಮೇಲೆ ಸೇರಿಸಿದ್ದಾರೆ.

ಬಸ್ ಸ್ಟ್ಯಾಂಡಿನವರೆಗೆ ಅವ್ವ ಒಬ್ಬಳೇ ಮಾತಾಡಿದಳು, ಶೂಟಿಂಗ್ ದಿನ ಅಪ್ಪ ಹಾಕಿದ್ದ ಶರ್ಟು ತೆರೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು ಅಂತ. ಅವರನ್ನು ದೇವನೂರು ಬಸ್ ಹತ್ತಿಸಿ ನಾನು ಟಿ. ನರಸೀಪುರಕ್ಕೆ ಬಂದೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮಕ್ಕಳ ಅಕಾರ ಹಕಾರ ತಿದ್ದುವುದೇ ದಿನದ ಕೆಲಸ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಮಾತು ಕೇಳಿ ರೂಮ್‌ಮೇಟ್‌ಗಳು ನಗುತ್ತಿದ್ದರು. ಕನ್ನಡಿ ಮುಂದೆ ನಿಂತು 'ಹೋಗು, ಹೇಳು, ಹಳ್ಳಿ' ಅಂತ ಪ್ರಾಕ್ಟೀಸ್ ಮಾಡಿ ಕಲಿತವಳು ನಾನು.

ಸೋಮವಾರ ಸ್ಟಾಫ್ ರೂಮಿನಲ್ಲಿ ಅದೇ ಸಿನಿಮಾದ ಮಾತು. ಅದರಲ್ಲಿ ಒಬ್ಬ ಅಜ್ಜ ಬರುತ್ತಾನೆ ನೋಡಿ ಅಂತ ಒಬ್ಬರು ಆ ಡೈಲಾಗ್ ಹೇಳಿ ತೋರಿಸಿದರು. ಎಲ್ಲರೂ ನಕ್ಕರು.

ನಾನು ಟಿಫಿನ್ ಬಾಕ್ಸ್ ಮುಚ್ಚಿ ಕ್ಲಾಸಿಗೆ ಹೋದೆ. ಏನೂ ಹೇಳಲಿಲ್ಲ. ಥಿಯೇಟರಿನಲ್ಲಿ ನಕ್ಕಿದ್ದು ಅರಿವಿಲ್ಲದೆ, ಇದು ಗೊತ್ತಿದ್ದೇ ಮಾಡಿದ್ದು. ವಾರವಿಡೀ ಅದೇ ಕೊರೆಯುತ್ತಿತ್ತು.

ನಿನ್ನೆ ಶನಿವಾರ, ಅರ್ಧ ದಿನದ ಸ್ಕೂಲ್ ಮುಗಿಸಿ ದೇವನೂರಿಗೆ ಹೋದೆ. ಅಪ್ಪ ರಾಗಿ ಬೀಸುತ್ತಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು. ಮಿಷಿನ್ ಆಫ್ ಮಾಡುವವರೆಗೂ ಕಾದೆ.

ಅವತ್ತು ನಾನೂ ನಕ್ಕುಬಿಟ್ಟೆ ಅಪ್ಪ ಅಂದೆ.

"ಗೊತ್ತಾಯ್ತು ಕಣವ್ವ. ಪಕ್ಕದಲ್ಲೇ ಕೂತಿದ್ನಲ್ಲ."

ಅದರಲ್ಲಿ ಕೋಪ ಇರಲಿಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, ನಾನು ಯೋಳಿದ್ದು ತಪ್ಪಾ ಅಂತ ಕೇಳಿದ. ತಪ್ಪಲ್ಲ ಅಂದೆ. ಸ್ಕೂಲಿನಲ್ಲಿ ದಿನಾ ಅದನ್ನೇ ತಪ್ಪು ಅಂತ ಕೆಂಪು ಪೆನ್ನಿನಲ್ಲಿ ಸುತ್ತುವವಳು...

ರಾಗಿ ಮೂಟೆಯ ಮೇಲೆ ಕೂತು ಅಪ್ಪನೇ ಶುರು ಮಾಡಿದ. ಅವನಿಗೆ ಇಪ್ಪತ್ತು ವರ್ಷ ಆಗಿದ್ದಾಗ, ಮಿಲ್ಲಿನ ಬೆಲ್ಟ್ ತರಲು ಮೈಸೂರಿಗೆ ಹೋಗಿದ್ದನಂತೆ. ಸಂಜೆ ಬಸ್ಸಿಳಿದಾಗ ಪಕ್ಕದ ಮನೆಯ ದೊಡ್ಡಪ್ಪ ರಸ್ತೆಗೇ ಬಂದು ಕಾಯುತ್ತಿದ್ದನಂತೆ.

"ನಮ್ಮವ್ವ ಓದಾಗ ನಂಗೆ ಇಂಗೇ ಯೋಳುದ್ರು. ಒಂದಕ್ಷರ ಎಚ್ಚಿಲ್ಲ, ಕಮ್ಮಿ ಇಲ್ಲ. ಅದ್ನೇ ಯೋಳ್ದೆ."

ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲವಂತೆ.

ಸಿನಿಮಾ ಹೇಗನ್ನಿಸಿತು ಅಂತ ಕೇಳಿದೆ. ನಾನು ಎಲ್ಲರಿಗೂ ನನ್ನ ಅಭಿಪ್ರಾಯ ಹಂಚುತ್ತೇನೆ, ಅಪ್ಪನನ್ನು ಇದುವರೆಗೆ ಕೇಳಿದ್ದೇ ಇಲ್ಲ.

"ಚೆನ್ನಾಗದೆ. ಆ ತಾಯಿ ಪಾರ್ಟು ಮಾಡ್ದೋಳು ಚೆನ್ನಾಗಿ ಮಾಡವ್ಳೆ. ಸಾವಿನ ಮನೇಲಿ ನಗ್ಸಬಾರ್ದಾಗಿತ್ತು, ಅಷ್ಟೆ."

ಹೇಳಿ, ಎದ್ದು ಮತ್ತೆ ಮಿಷಿನ್ ಆನ್ ಮಾಡಿದ.

ಇದಕ್ಕಿಂತ ಸರಿಯಾದ ರಿವ್ಯೂ ನಾನು ಬರೆಯಲಾರೆ.

ನಮ್ಮ ಸ್ಟಾಫ್ ರೂಮಿನವರೂ ಈ ಪೋಸ್ಟ್ ನೋಡುತ್ತಾರೆ ಅಂತ ಗೊತ್ತು. ನೋಡಲಿ... ಆ ಅಜ್ಜ ನಮ್ಮಪ್ಪ.